ಮೊಟ್ಟೆ ಬಂದ್ ಮಾಡಿಸಹೊರಟ ಸಾಹೇಬರು

ಇಡೀ ಜಿಲ್ಲೆಗೆ ವಿದ್ಯೆ ಕಲಿಸಿದವನು ನಾನೇ. ಸುಳ್ಳು ಬಿಡ್ರಿ, ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಚಹಾ ಮುಗಿಯೋದರೊಳಗೆ ಹೇಳೋ ಈ ಕತೆ ಮಾತ್ರ ಖರೆ.

ನಮ್ಮೂರ ಶಾಲೆಗೆ ಭಾಷಣಕ್ಕೆ ಬಂದ ದೊಡ್ಡ ಸಾಹೇಬರು ಬಿಸಿಯೂಟದ ಮೊಟ್ಟೆ ಕಂಡು ಕೆಂಡವಾದರು.

"ಮಕ್ಕಳು ಮೊಟ್ಟೆಯ ಆಸೆಗಲ್ಲ, ವಿದ್ಯೆಯ ಆಸೆಗೆ ಬರಬೇಕು! ನಾಳೆಯಿಂದ ಮೊಟ್ಟೆ ಬಂದ್!"

ಮೊಟ್ಟೆ ನಿಂತರೆ ಅರ್ಧ ಶಾಲೆ ಹೊಲದ ಕೂಲಿಗೆ ಹೋಗುತ್ತದೆಂದು ಅಡುಗೆಯ ಫಕೀರವ್ವನಿಗೆ ಗೊತ್ತು. ಸನ್ಮಾನಕ್ಕೆ ತಂದಿಟ್ಟ ಶಾಲು, ಹಾರವನ್ನು ಮೆಲ್ಲಗೆ ಅಡುಗೆಮನೆಗೆ ಸಾಗಿಸಿ ಬಂದು ಕೈಮುಗಿದಳು.

"ಸಾಹೇಬ್ರ, ಇವತ್ತ ಶಾಲು, ಹಾರ ಏನೂ ಇಲ್ಲರಿ. ಬರೇ ಭಾಷಣ."

"ಹಂಗಾದ್ರ ನನ್ನನ್ನ ಯಾಕ ಕರಸಿದ್ರಿ?" ಸಾಹೇಬರು ಚೀರಿದರು.

"ವಿದ್ಯೆ ಹಂಚೋ ಆಸೆಗೆ ಬಂದೀರಿ ಅಂತ ತಿಳದಿದ್ದೆರಿ."

ಮಕ್ಕಳು ಗೊಳ್ಳೆಂದು ನಕ್ಕರು. ಸಾಹೇಬರು ಮೀಸೆ ಸವರಿಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದರು.

"ಮೊಟ್ಟೆ ಇರ್ಲಿ ಬಿಡವಾ. ಶಾಲು ಎಲ್ಲೈತಿ?"

ನಕ್ಕಿರಲ್ಲ, ಇನ್ನು ನನ್ನ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.