ಕತ್ತರಿಸಿದ ತಂತಿ

"ಗುರುಗಳೇ, ನನ್ನ ಜಪ ಈಗ ತಾನಾಗಿಯೇ ನಡೆಯುತ್ತದೆ. ಈಗಷ್ಟೇ ಒಬ್ಬ ಅಜ್ಜಿ ಮಠದ ಬಾಗಿಲಲ್ಲಿ ನಿಂತು ಮೂರು ಸಲ ನೀರು ಕೇಳಿದಳು. ನನಗೆ ಒಂದು ಮಣಿಯೂ ತಪ್ಪಲಿಲ್ಲ. ಇದನ್ನು ಸಿದ್ಧಿ ಎನ್ನಬಹುದೇ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ಸಿದ್ಧಿಯಂತೆ, ಸಿದ್ಧಿ! ಕೂತುಕೋ, ಕತೆ ಕೇಳು" ಎಂದರು.

ಒಬ್ಬ ವ್ಯಾಪಾರಿ ಇದ್ದ. ಅವನದು ಅಪ್ಪನ ಕಾಲದ ಕಾರು. ಸಂತೆಯಿಂದ ಸಂತೆಗೆ ಓಡಿಸಿ ಓಡಿಸಿ ಅವನ ಬಲಗಾಲು ನೋಯುತ್ತಿತ್ತು. ಹೊಸ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ ಇರುತ್ತದೆ, ಗುಂಡಿ ಒತ್ತಿದರೆ ಸಾಕು, ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ ಎಂದು ಯಾರೋ ಹೇಳಿದರು. ತನ್ನ ಹಳೆಯ ಕಾರಿಗೂ ಅದನ್ನು ಹಾಕಿಸಿದ. ಅದು ತಪ್ಪಲ್ಲ. ನೋಯುವ ಕಾಲಿಗೆ ವಿಶ್ರಾಂತಿ ಬೇಡವೇ?

ಮೆಕ್ಯಾನಿಕ್ ಕೆಲಸ ಬಲ್ಲವನು. ಬ್ರೇಕಿನಿಂದ ಒಂದು ತಂತಿ ಎಳೆದು ಆ ಹೊಸ ಯಂತ್ರಕ್ಕೆ ಸೇರಿಸಿದ. ಬ್ರೇಕ್ ಮುಟ್ಟಿದ ಕೂಡಲೇ ಯಂತ್ರ ವೇಗದ ಹಿಡಿತ ಬಿಡಬೇಕು, ಅದಕ್ಕೆ ಆ ತಂತಿ. ಆದರೆ ವ್ಯಾಪಾರಿಗೆ ಒಂದು ಚಾಳಿ. ಬಿಡುವಾದ ಕಾಲನ್ನು ಬ್ರೇಕಿನ ಮೇಲೆಯೇ ಊರಿಕೊಂಡು ಕೂರುತ್ತಿದ್ದ. ಗಳಿಗೆಗೊಮ್ಮೆ ಯಂತ್ರ ನಿಲ್ಲುತ್ತಿತ್ತು. ಸಿಟ್ಟಿನಿಂದ ಮರಳಿ ಬಂದು, "ಆ ದರಿದ್ರ ತಂತಿ ತೆಗೆದುಬಿಡು" ಎಂದ.

"ಕಾಲು ತೆಗೆಯಿರಿ ಸಾಹುಕಾರರೇ. ತಂತಿಯನ್ನು ನಾನು ಮುಟ್ಟುವುದಿಲ್ಲ" ಎಂದ ಮೆಕ್ಯಾನಿಕ್.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ವ್ಯಾಪಾರಿ ಮನೆಗೆ ಹೋಗಿ, ಇಕ್ಕಳ ಹಿಡಿದು ತಾನೇ ತಂತಿ ಕತ್ತರಿಸಿದ. ಆಮೇಲೆ ಆ ಗುಂಡಿಗೆ ಕುಂಕುಮ ಹಚ್ಚಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಎಂಥ ಭಕ್ತಿ ನೋಡು, ಥೂ!

ಮರುದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ವ್ಯಾಪಾರಿಗೆ ಆನಂದವೋ ಆನಂದ. ಮುಂದೆ ಒಬ್ಬ ಕುರಿಗಾಹಿ ಮಂದೆಯನ್ನು ರಸ್ತೆ ದಾಟಿಸುತ್ತಿದ್ದ. ಕಾರು ಕಂಡು ಕೂಗಿದ, ಟವೆಲ್ ಬೀಸಿದ. ವ್ಯಾಪಾರಿ ಕೊನೆಗೆ ಬ್ರೇಕ್ ತುಳಿದ. ಬ್ರೇಕ್ ಹಿಡಿಯಲು ನೋಡಿತು, ತಂತಿ ಕಡಿದ ಯಂತ್ರ ವೇಗ ಬಿಡಲಿಲ್ಲ. ಕಾರು ಮಂದೆಯೊಳಕ್ಕೆ ನುಗ್ಗಿತು. ಏಳು ಕುರಿ ಸತ್ತವು. ಮರಿಯೊಂದನ್ನು ಎಳೆದುಕೊಳ್ಳಲು ಹೋದ ಕುರಿಗಾಹಿಯ ಕಾಲು ಚಕ್ರಕ್ಕೆ ಸಿಕ್ಕಿ ಮುರಿಯಿತು. ಮಂದೆಯ ಹಿಂದೆ ನಡೆದರೆ ಮಾತ್ರ ಅವನಿಗೆ ಅನ್ನ.

ಅವನು ಬಿದ್ದಲ್ಲಿಂದಲೇ, "ಅಷ್ಟು ದೂರದಿಂದ ಕೂಗಿದೆನಲ್ಲಪ್ಪಾ, ಕೇಳಿಸಲಿಲ್ಲವೇ?" ಎಂದ.

ವ್ಯಾಪಾರಿ ಏನೆಂದ ಗೊತ್ತೇ? "ನಾನೇನು ಮಾಡಲಿ? ಓಡಿಸುತ್ತಿದ್ದುದು ಯಂತ್ರ!" ಎಂದ. ನಾಚಿಕೆಗೆಟ್ಟವನು! ಇಕ್ಕಳ ಹಿಡಿದ ಕೈ ಯಾರದಾಗಿತ್ತು?

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಎಂಥ ಪಾಪಿ!" ಎಂದ ಮಡಿವಾಳಯ್ಯ. ಅವನ ಬೆರಳು ಇನ್ನೂ ಮಣಿ ಜರುಗಿಸುತ್ತಲೇ ಇತ್ತು.

ಗುರುಗಳು ಆ ಬೆರಳನ್ನೇ ನೋಡುತ್ತಾ ಕೇಳಿದರು: "ಈ ಉರಿಬಿಸಿಲಲ್ಲಿ ಆ ಅಜ್ಜಿ ಯಾವ ಕಡೆ ಹೋದಳು, ಅದನ್ನಾದರೂ ನೋಡಿದೆಯಾ?"