ಎರಡು ದಡದ ಬಾವುಟಗಳು

ಹೊಳೆಯ ಈಚೆ ದಡ ಒಬ್ಬ ಅರಸನ ಸೀಮೆ, ಆಚೆ ದಡ ಇನ್ನೊಬ್ಬನದು. ಈಚೆಯಿಂದ ದೋಣಿಗಳಲ್ಲಿ ಸೀರೆ ಹೋಗುತ್ತಿತ್ತು, ಆಚೆಯಿಂದ ಉಪ್ಪು ಬರುತ್ತಿತ್ತು.

ಎರಡು ದಡಗಳಲ್ಲೂ ಒಂದೊಂದು ಪಾಲುಪೇಟೆ. ಮಗ್ಗದ ಮನೆಯಲ್ಲೋ ಉಪ್ಪಿನ ಆಗರದಲ್ಲೋ ತಮಗಿದ್ದ ಪಾಲನ್ನು ಜನ ಅಲ್ಲಿ ಮಾರುತ್ತಿದ್ದರು, ಬೇಕಾದವರು ಕೊಳ್ಳುತ್ತಿದ್ದರು. ಈಗಿನವರು ಷೇರುಪೇಟೆ ಎನ್ನುವುದು ಅದನ್ನೇ. ಪಾಲಿನ ಬೆಲೆ ಏರಿದರೆ ಪೇಟೆಯ ಕಂಬದಲ್ಲಿ ಬಾವುಟ ಏರುತ್ತಿತ್ತು, ಬೆಲೆ ಇಳಿದರೆ ಇಳಿಯುತ್ತಿತ್ತು.

ಈಚೆ ದಡದ ಗುಡ್ಡದ ಮೇಲೆ ಅಡವಿಯಪ್ಪನವರ ಆಶ್ರಮ. ಅಲ್ಲಿ ಅವರ ಶಿಷ್ಯ ಮಾಳಿಂಗನಿಗೆ ಒಂದೇ ಪಾಠ: "ದಿನವೂ ಹೊಳೆ ನೋಡು."

ಹೊಳೆಯಲ್ಲಿ ನೋಡುವುದಕ್ಕೆ ಏನಿದೆ, ಬರೀ ನೀರು! ಮಾಳಿಂಗನ ಕಣ್ಣು ಬಾವುಟಗಳ ಮೇಲೆ ನೆಟ್ಟುಹೋಯಿತು.

ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತಾ ಓಡಿಬಂದ.

"ಗುರುಗಳೇ, ಕಂಡುಹಿಡಿದುಬಿಟ್ಟೆ! ಆಚೆ ಬಾವುಟ ಏರಿದರೆ ನಮ್ಮದೂ ಏರುತ್ತೆ, ಅದು ಇಳಿದರೆ ನಮ್ಮದೂ ಇಳಿಯುತ್ತೆ. ಎರಡಕ್ಕೂ ಗಂಟು ಬಿದ್ದಿದೆ!"

"ಯಾವ ಹಗ್ಗದಿಂದ?"

"ಕಣ್ಣಿಗೆ ಕಾಣದ ಹಗ್ಗ, ಗುರುಗಳೇ!"

"ಯಾವಾಗಲೂ ಹಾಗೇನಾ?"

ಮಾಳಿಂಗ ತಲೆ ಕೆರೆದುಕೊಂಡ. "ಈಚೀಚೆಗೆ ನಮ್ಮ ಬಾವುಟದವನು ಸೋಮಾರಿಯಾಗಿದ್ದಾನೆ. ಹೊತ್ತಿಗೆ ಸರಿಯಾಗಿ ಇಳಿಸೋದಿಲ್ಲ."

ಗುರುಗಳಿಗೆ ನಗು ಬಂತು. "ಹೊಳೆ ನೋಡಿದೆಯಾ?"

"ಹೊಳೆ ಎಲ್ಲಿಗೆ ಹೋಗುತ್ತೆ ಗುರುಗಳೇ, ಅಲ್ಲೇ ಇದೆ!"

ಅಷ್ಟರಲ್ಲಿ ಅವನ ಅಕ್ಕ ದ್ಯಾವಕ್ಕ ಗುಡ್ಡ ಹತ್ತಿ ಬಂದಳು. ಗಂಡ ತೀರಿಕೊಂಡ ಮೇಲೆ ಮಗ್ಗದ ಮನೆಯಲ್ಲಿದ್ದ ಒಂದು ಪಾಲಿನಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಮಾಳಿಂಗನಿಗೆ ಅಕ್ಕನೆಂದರೆ ಪ್ರಾಣ.

"ತಮ್ಮಾ, ಆಚೆ ಬಾವುಟ ಬುಡಕ್ಕೆ ಬಂದಿದೆಯಂತಲ್ಲೋ! ಪೇಟೆಯಲ್ಲಿ ಒಬ್ಬ ವರ್ತಕ ನನ್ನ ಪಾಲನ್ನ ಅಗ್ಗಕ್ಕೆ ಕೇಳ್ತಿದ್ದಾನೆ. ಸಂಜೆಗೆ ನಮ್ಮದೂ ಬೀಳುತ್ತೆ, ಆಮೇಲೆ ಇಷ್ಟೂ ಹುಟ್ಟಲ್ಲ ಅಂತಾನೆ. ಏನು ಮಾಡಲಿ?"

"ಮಾರಿಬಿಡಕ್ಕ! ಬೀಳೋದಕ್ಕೆ ಮೊದಲೇ ಮಾರು! ಓಡು!"

ದ್ಯಾವಕ್ಕ ಸೆರಗು ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿದಳು. ಅಕ್ಕನನ್ನು ಉಳಿಸಿದೆನೆಂದು ಮಾಳಿಂಗನ ಎದೆ ಉಬ್ಬಿತು.

ಗುರುಗಳು ಎದ್ದು ನಿಂತರು. "ನಾನು ಆಚೆ ದಡಕ್ಕೆ ಹೋಗಬೇಕು. ಒಂದು ದೋಣಿ ಗೊತ್ತುಮಾಡಿ ಬಾ. ಈಗಲೇ."

ಮಾಳಿಂಗ ಹೊಳೆಯತ್ತ ಓಡಿದ. ಅಲ್ಲಿ ದೋಣಿಗಳೆಲ್ಲ ಮರಳಿನ ಮೇಲೆ ಬೋರಲು ಬಿದ್ದಿದ್ದವು. ಒಂದಕ್ಕೆ ಬೆನ್ನು ಕೊಟ್ಟು ಅಂಬಿಗನೊಬ್ಬ ಬಲೆ ಹೆಣೆಯುತ್ತಿದ್ದ.

"ಅಣ್ಣಾ, ಒಂದು ದೋಣಿ ಬೇಕಿತ್ತು."

"ಯಾವ ಲೋಕದಲ್ಲಿದ್ದೀಯಪ್ಪಾ? ಸುಂಕದ ವಿಷಯಕ್ಕೆ ಅರಸರಿಬ್ಬರೂ ಜಗಳ ಆಡಿ, ದೋಣಿ ದಾಟೋ ಕಡವು ಮುಚ್ಚಿಸಿ ತಿಂಗಳಾಗ್ತಾ ಬಂತು. ಆ ಕಡೆ ಉಪ್ಪು ಕೇಳೋರಿಲ್ಲದೆ ರಾಶಿ ಬಿದ್ದಿದೆಯಂತೆ."

"ಮತ್ತೆ ನಮ್ಮ ಸೀರೆ?"

"ಗಾಡಿ ಮೇಲೆ ಬೆಟ್ಟದ ಸೀಮೆಗೆ ಹೋಗ್ತಿದೆ. ಅಲ್ಲಿ ಮದುವೆ ಕಾಲ. ನೇಯ್ದಷ್ಟೂ ಸಾಲದು."

ಮಾಳಿಂಗ ತಲೆಯೆತ್ತಿದ. ಆಚೆ ಬಾವುಟ ಕಂಬದ ಬುಡದಲ್ಲಿತ್ತು. ಈಚೆಯದು ಮೇಲೆ ಪಟಪಟ ಹಾರುತ್ತಿತ್ತು.

"ಅಯ್ಯಯ್ಯೋ! ಹಗ್ಗ ಇಲ್ಲಿ ಬೋರಲು ಬಿದ್ದಿದೆಯಲ್ಲೋ!" ಎಂದು ಕಿರುಚಿ ಅವನು ಪೇಟೆಯ ಕಡೆ ಓಟ ಕಿತ್ತ. ಅಂಬಿಗ ಬಲೆ ಬಿಟ್ಟು ಅವನನ್ನೇ ನೋಡುತ್ತಾ ಕುಳಿತ.

ಪೇಟೆಯ ಕಟ್ಟಳೆ ಬಹಳ ಬಿಗಿ. ಮಾರುವವರು ಕೊಳ್ಳುವವನ ಕೈಗೆ ವೀಳ್ಯ ಇಟ್ಟರೆ ವ್ಯಾಪಾರ ಮುಗಿಯಿತು. ಆಮೇಲೆ ಅರಸನೇ ಬಂದರೂ ಪಾಲು ಹಿಂದಕ್ಕೆ ಬಾರದು.

ದ್ಯಾವಕ್ಕನ ಕೈಯಲ್ಲಿ ಆಗಲೇ ವೀಳ್ಯವಿತ್ತು. ವರ್ತಕ ಅಂಗೈ ಚಾಚಿದ್ದ.

ಮಾಳಿಂಗ ಜನರ ನಡುವೆ ನುಗ್ಗಿದವನೇ ವೀಳ್ಯವನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಂಡ. ಅಡಿಕೆ ಸಮೇತ ಅಗಿದು ನುಂಗಿದ.

"ಎಲೆ ಇಲ್ಲ, ವ್ಯಾಪಾರವೂ ಇಲ್ಲ!" ಎಂದು ಕೂಗಿದ.

ವರ್ತಕ ಬಾಯಿಗೆ ಬಂದಂತೆ ಬೈದ. ದ್ಯಾವಕ್ಕ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಕಡವಿನ ಸುದ್ದಿ, ಬೆಟ್ಟದ ಗಾಡಿಗಳ ಸುದ್ದಿ ಕೇಳಿದ ಮೇಲೆ ಅದೇ ಬೆನ್ನು ಸವರುತ್ತಾ ಅತ್ತುಬಿಟ್ಟಳು.

ಮಾಳಿಂಗನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೆಂಪು ಬಾಯಲ್ಲೇ ಆಶ್ರಮಕ್ಕೆ ಹಾರಿಬಂದ.

"ಗುರುಗಳೇ! ಬಾವುಟಗಳಿಗೆ ಗಂಟು ಹಾಕಿದ್ದು ದೋಣಿಗಳು! ಕಡವು ಮುಚ್ಚಿತು, ಗಂಟು ಬಿಚ್ಚಿತು! ಇನ್ನು ದೋಣಿ ನೀರಿಗೆ ಇಳಿಯೋದೇ ಬೇಡ. ಆಚೆಯವರು ಬಿದ್ದರೂ ನಾವು ಬೀಳೋದಿಲ್ಲ. ಎಷ್ಟು ಚೆನ್ನ, ಗುರುಗಳೇ!"

ಗುರುಗಳು ಒಲೆಯ ಮೇಲಿದ್ದ ಗಂಜಿಯನ್ನು ಬಟ್ಟಲಿಗೆ ಬಡಿಸಿ ಅವನ ಮುಂದಿಟ್ಟರು.

ಓಡಿ ಓಡಿ ಹಸಿದಿದ್ದ ಮಾಳಿಂಗ ಒಂದು ದೊಡ್ಡ ಗುಟುಕು ಕುಡಿದು ಮುಖ ಕಿವುಚಿದ.

"ಗುರುಗಳೇ, ಇದಕ್ಕೆ ಉಪ್ಪೇ ಹಾಕಿಲ್ಲ."

"ಭರಣಿ ಖಾಲಿಯಾಗಿದೆ ಮಗು," ಎಂದರು ಗುರುಗಳು. "ಆಚೆಯವರು ಬಿದ್ದರೂ ನಾವು ಬೀಳಲಿಲ್ಲವಲ್ಲ, ಹೊಟ್ಟೆ ತುಂಬ ಉಣ್ಣು."