ಉಸಿರಿನ ದಾರಿಯ ಕಾವಲುಗಾರ

ಗಂಗಾಂಬಿಕೆ ಟೀಚರಮ್ಮನ ಉಸಿರಿನ ನಾಳವನ್ನು ಬಳೆಯಂತೆ ಸುತ್ತಿಕೊಂಡು ಸ್ನಾಯುರಾಯರು ಕಾವಲಿದ್ದರು. ಒಂದು ದಿನ ಹೊಂಗೆ ಹೂವಿನ ಪರಾಗವೊಂದು ಕುಣಿಯುತ್ತ ಒಳಗೆ ಬಂತು. ಅದನ್ನು ಕಂಡದ್ದೇ ತಡ, ದೇಹರಕ್ಷಣೆಯ ಸೈನ್ಯದ ಓಲೆಕಾರ ಕಣ ಓಡೋಡಿ ಬಂದು, "ರಾಯರೇ, ವೈರಿ ಬಂದ! ದಾರಿ ಬಿಗಿಹಿಡಿಯಿರಿ!" ಎಂದು ಕೂಗಿದ. ರಾಯರು ಹಿಡಿದರು. ಮರುದಿನ ಸೀಮೆಸುಣ್ಣದ ಪುಡಿ ಬಂತು. "ಇವನು ಅವನ ದಾಯಾದಿ!" ಎಂದ ಓಲೆಕಾರ. ರಾಯರು ಇನ್ನಷ್ಟು ಬಿಗಿಯಾಗಿ ಹಿಡಿದರು. ಅದರ ಮರುದಿನ ಒಗ್ಗರಣೆಯ ಘಾಟು ಬಂದಾಗ, "ಆ ದಾಯಾದಿಯ ಬೀಗರು ಇವರು!" ಎಂದು ಅರಚಿದ.

ನಾಲ್ಕನೆಯ ದಿನ ಪಾಠದ ನಡುವೆ ಕಿಟಕಿಯಲ್ಲಿ ಬೆಕ್ಕೊಂದು ಇಣುಕಿ, ಮಕ್ಕಳು ಹೇಳುತ್ತಿದ್ದ ಮಗ್ಗಿಯ ತಾಳಕ್ಕೆ ಸರಿಯಾಗಿ ಮಿಯಾಂವ್ ಎಂದಿತು. ಟೀಚರಮ್ಮನ ಎದೆಯಾಳದಿಂದ ಒಂದು ನಗು ಹೊರಟಿತು. ರಾಯರು ನಡುದಾರಿಯಲ್ಲೇ ಅದರ ಕುತ್ತಿಗೆ ಹಿಡಿದರು.

"ಬಿಡಿ ಸ್ವಾಮಿ, ನಾನು ಈ ಮನೆಯವನೇ! ಹೊರಗೆ ಹೊರಟಿದ್ದೇನೆ!" ಎಂದಿತು ನಗು.

"ಮನೆಯಿಂದ ಓಡುವವನೇ ಕಳ್ಳ!" ಎಂದು ರಾಯರು ಹಿಂಡಿದರು.

ನಗು ಕುಂಯ್ ಕುಂಯ್ ಎಂದು ಸಿಳ್ಳೆಯಾಯಿತು. ಟೀಚರಮ್ಮನ ಮುಖ ಕಪ್ಪಿಟ್ಟಿತು. ಆಗ ಆಸ್ತಮಾ ಪಂಪಿನ ಔಷಧಿ ಉಸ್ಸೆಂದು ಒಳಗೆ ಬಂದು ರಾಯರ ಬೆನ್ನು ಸವರಿತು. ಹಿಡಿತ ಸಡಿಲವಾದದ್ದೇ ತಡ, ನಗು ಹೊರಗೆ ಹಾರಿ ಇಡೀ ತರಗತಿಯನ್ನು ಬೆಂಚಿನ ಮೇಲೆ ಉರುಳಾಡಿಸಿತು.

ಓಲೆಕಾರ ಏದುಸಿರು ಬಿಡುತ್ತ ಬಂದ. "ರಾಯರೇ, ನಾನು ಕೂಗಲೇ ಇಲ್ಲವಲ್ಲ! ಯಾರು ಬಂದಿದ್ದರು?"

"ಯಾರೂ ಬಂದಿರಲಿಲ್ಲ."

"ಮತ್ತೆ ಯಾಕೆ ಹಿಡಿದಿರಿ?"

ರಾಯರು ತಲೆ ತಗ್ಗಿಸಿದರು. "ಇನ್ನೇನು ನೀವು ಬಂದು ಕೂಗುತ್ತೀರಿ ಅಂತ."